ಕುಟುಂಬ ವೈದ್ಯರ ದೂರ ಪ್ರವೇಶ, ಗುರುತಿನ ದೃಢೀಕರಣ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿಗಳ ಚುನಾಯಿತ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಅವುಗಳಲ್ಲಿ 23ನೆಯದು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಔಷಧಾಲಯಗಳೂ ಸೇರಿದಂತೆ ಆರೋಗ್ಯ ಮತ್ತು ನೈರ್ಮಲ್ಯ. ಈ ವಿಷಯ ಸಭೆಯ ಮುಂದೆ ಬಂದಾಗ ಸಾಮಾನ್ಯವಾಗಿ ಕಟ್ಟಡ, ಕುಡಿಯುವ ನೀರು, ಚರಂಡಿ, ಲಸಿಕೆ, ವೈದ್ಯರ ಹಾಜರಿ ಇವುಗಳೇ ಚರ್ಚೆಯಾಗುತ್ತವೆ. ಇತ್ತೀಚಿನ ವರ್ಷಗಳಲ್ಲಿ ಈ ಸಾಲಿಗೆ ಇನ್ನೊಂದು ಸೇರಿದೆ. ವೈದ್ಯರು ರೋಗಿಯ ದಾಖಲೆಯನ್ನು ದೂರದಿಂದ ತೆರೆಯುವ ಬಗೆ ಹೇಗೆ, ಹಾಗೆ ತೆರೆಯುತ್ತಿರುವವರು ಆ ವೈದ್ಯರೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ ಎಂಬುದೇ ಆ ಹೊಸ ವಿಷಯ. ಇದು ಕಂಪ್ಯೂಟರ್ ಬಲ್ಲವರಿಗೆ ಬಿಟ್ಟ ಮಾತೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಊರಿನ ಜನರ ಮಾನ, ಅವರ ಕೈಸೇರುವ ಔಷಧದ ಸರಿತಪ್ಪು ಹಾಗೂ ವೈದ್ಯರ ಹೆಸರು ಈ ಮೂರೂ ಇದರ ಮೇಲೆ ನಿಂತಿವೆ. ಇದರ ಪರಿಹಾರದಲ್ಲಿ ಒಂದು ದೊಡ್ಡ ಭಾಗ ಪಂಚಾಯಿತಿಯ ಕೈಯಳತೆಯಲ್ಲಿಯೇ ಇದೆ.

ವೈದ್ಯರು ಇಂದು ಎಲ್ಲಿಂದ ನೋಡುತ್ತಾರೆ

ಹಿಂದೆ ಕುಟುಂಬ ವೈದ್ಯರೆಂದರೆ ಒಂದು ಮನೆಯ ಮೂರು ತಲೆಮಾರಿನ ನಾಡಿ ಬಲ್ಲವರು. ಅಜ್ಜನ ಉಬ್ಬಸ, ಸೊಸೆಯ ಬಾಣಂತನ, ಮೊಮ್ಮಗನ ಜ್ವರ ಇವೆಲ್ಲ ಅವರ ನೆನಪಿನಲ್ಲಿ, ಹೆಚ್ಚೆಂದರೆ ಒಂದು ನೋಟ್‌ಪುಸ್ತಕದಲ್ಲಿ ಇರುತ್ತಿದ್ದವು. ಆ ಪುಸ್ತಕ ಬೀರುವಿನಲ್ಲಿತ್ತು. ಬೀರುವಿನ ಬೀಗದ ಕೈ ವೈದ್ಯರ ಬಳಿಯಿತ್ತು. ಅದನ್ನು ಓದಬೇಕಾದವರು ಆ ಕೋಣೆಗೇ ಬರಬೇಕಿತ್ತು.

ಇಂದು ಹಳ್ಳಿಯ ಬಹುಪಾಲು ಜನರಿಗೆ ಕುಟುಂಬ ವೈದ್ಯರ ಸ್ಥಾನದಲ್ಲಿರುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು. ಬಯಲು ಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 20,000 ಜನರಿಗೆ ಒಂದು ಕೇಂದ್ರವೆಂಬುದು ನಿಗದಿತ ಪ್ರಮಾಣ. ಅಷ್ಟು ಜನರ ಮನೆಬಾಗಿಲಿಗೆ ಒಬ್ಬ ವೈದ್ಯರು ತಲುಪುವುದು ಕಷ್ಟ. ಆದ್ದರಿಂದ ಕೇಂದ್ರ ಸರ್ಕಾರದ ಇ-ಸಂಜೀವಿನಿ ವ್ಯವಸ್ಥೆ 2019ರ ನವೆಂಬರ್‌ನಲ್ಲಿ ಆರಂಭವಾಯಿತು. ಉಪಕೇಂದ್ರದಲ್ಲಿ, ಅಂದರೆ ಈಗಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ, ಸಮುದಾಯ ಆರೋಗ್ಯ ಅಧಿಕಾರಿಯವರು ರೋಗಿಯ ರಕ್ತದೊತ್ತಡ, ಸಕ್ಕರೆಯ ಪ್ರಮಾಣ ನೋಡಿ ಬರೆದುಕೊಳ್ಳುತ್ತಾರೆ. ದೂರದಲ್ಲಿರುವ ವೈದ್ಯರು ಪರದೆಯ ಮೇಲೆ ರೋಗಿಯನ್ನು ಕಂಡು, ವಿಚಾರಿಸಿ, ಔಷಧ ಚೀಟಿ ಕೊಡುತ್ತಾರೆ. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್‌ನಿಂದ, ರೋಗಿಯು ಮನೆಯಿಂದಲೇ ವೈದ್ಯರನ್ನು ಕಾಣುವ ಹೊರರೋಗಿ ವಿಭಾಗವೂ ಸೇರಿತು. 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ವಿಸ್ತರಿಸಿದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ನಾಗರಿಕರಿಗೆ 14 ಅಂಕಿಯ ಆಭಾ ಸಂಖ್ಯೆಯನ್ನೂ, ವೈದ್ಯರಿಗೂ ಆಸ್ಪತ್ರೆಗಳಿಗೂ ಪ್ರತ್ಯೇಕ ನೋಂದಣಿಯನ್ನೂ ಒದಗಿಸಿದೆ.

ಬಾಣಂತಿಯೊಬ್ಬಳು ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ತಾಲ್ಲೂಕು ಆಸ್ಪತ್ರೆಗೆ ಹೋಗುವುದು ಇದರಿಂದ ತಪ್ಪಿದರೆ ಅದು ದೊಡ್ಡ ಉಪಕಾರ. ಜೊತೆಗೆ ಒಂದು ಬದಲಾವಣೆಯೂ ಆಗಿದೆ. ಬೀರುವಿನ ಪುಸ್ತಕ ಸರ್ವರ್‌ಗೆ ಸೇರಿದೆ. ಅದನ್ನು ತೆರೆಯಲು ಆ ಕೋಣೆಗೆ ಬರಬೇಕಾಗಿಲ್ಲ. ಬೀಗದ ಕೈ ಸಿಕ್ಕಿದರೆ ಯಾವ ಊರಿನಿಂದಲಾದರೂ, ಯಾರಾದರೂ ತೆರೆಯಬಹುದು. ಆ ಬೀಗದ ಕೈಯೇ ವೈದ್ಯರ ಲಾಗಿನ್.

ಲಾಗಿನ್ ಎಂದರೆ ಸಹಿ

ಇದು ಪಂಚಾಯಿತಿ ಸದಸ್ಯರಿಗೆ ಹೊಸ ವಿಷಯವಲ್ಲ. ಹಣಕಾಸು ಆಯೋಗದ ಅನುದಾನವನ್ನು ಇ-ಗ್ರಾಮಸ್ವರಾಜ್ ಮೂಲಕ ಪಾವತಿಸುವಾಗ ಅಧ್ಯಕ್ಷರ ಮತ್ತು ಪಿಡಿಒ ಅವರ ಡಿಜಿಟಲ್ ಸಹಿ ಎರಡೂ ಬೇಕು. ಆ ಸಹಿಯ ಡಾಂಗಲ್ ಅನ್ನು ಅದರ ಪಾಸ್‌ವರ್ಡ್ ಸಹಿತ ಬೇರೊಬ್ಬರ ಮೇಜಿನ ಮೇಲೆ ಬಿಟ್ಟು ಮನೆಗೆ ಹೋದ ಅಧ್ಯಕ್ಷರು, ಮರುದಿನ ಆದ ಪಾವತಿಗೆ ತಾವು ಕಾರಣರಲ್ಲವೆಂದರೆ ತನಿಖೆ ಅದನ್ನು ಸುಲಭವಾಗಿ ಒಪ್ಪುವುದಿಲ್ಲ. ಖಾಲಿ ಚೆಕ್ಕಿಗೆ ಸಹಿ ಹಾಕಿಟ್ಟದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ವೈದ್ಯರ ಲಾಗಿನ್ ಕೂಡ ಅಂಥದೇ ಸಹಿ. 2020ರ ಮಾರ್ಚ್ 25ರಂದು ಪ್ರಕಟವಾದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ದೂರ ಸಮಾಲೋಚನೆ ಅನಾಮಧೇಯವಾಗಿ ನಡೆಯುವಂತಿಲ್ಲ. ರೋಗಿ ಯಾರೆಂದು ವೈದ್ಯರಿಗೆ, ವೈದ್ಯರು ಯಾರೆಂದು ರೋಗಿಗೆ ತಿಳಿದಿರಬೇಕು. ಔಷಧ ಚೀಟಿಯಲ್ಲಿ ವೈದ್ಯರ ನೋಂದಣಿ ಸಂಖ್ಯೆ ಇರಬೇಕು. ವೈದ್ಯರ ಲಾಗಿನ್‌ನಲ್ಲಿ ಬೇರೊಬ್ಬರು ಕುಳಿತು ಚೀಟಿ ಹೊರಡಿಸಿದರೆ ಆ ನೋಂದಣಿ ಸಂಖ್ಯೆಯ ಹೆಸರಿನಲ್ಲಿಯೇ ಔಷಧ ಹೋಗುತ್ತದೆ. ಔಷಧ ಒಗ್ಗದೆ ಅಪಾಯವಾದರೆ, ಆ ಮದ್ದನ್ನು ನಿಜವಾಗಿ ಯಾರು ಆರಿಸಿದರು ಎಂಬ ಪ್ರಶ್ನೆಗೆ ದಾಖಲೆಯಲ್ಲಿ ಸರಿಯಾದ ಉತ್ತರ ಸಿಗುವುದಿಲ್ಲ. ಮುಂದೆ ಚಿಕಿತ್ಸೆ ನೀಡುವ ವೈದ್ಯರು ಅದೇ ತಪ್ಪು ದಾಖಲೆಯನ್ನು ನಂಬಿ ನಡೆಯಬೇಕಾಗುತ್ತದೆ.

ಔಷಧದಷ್ಟೇ ಮುಖ್ಯವಾದುದು ಗುಟ್ಟು. ಪಟ್ಟಣದಲ್ಲಿ ಒಬ್ಬರ ಕಾಯಿಲೆ ಪಕ್ಕದ ಮನೆಗೆ ತಿಳಿಯದೆ ಹೋಗಬಹುದು. ಹಳ್ಳಿಯಲ್ಲಿ ಹಾಗಲ್ಲ. ಕ್ಷಯ, ಎಚ್‌ಐವಿ, ಮಾನಸಿಕ ಕಾಯಿಲೆ, ಮದುವೆಯಾಗದ ಹೆಣ್ಣುಮಗಳ ಗರ್ಭ, ಮಕ್ಕಳಾಗದ ದಂಪತಿಗಳ ಪರೀಕ್ಷೆ, ಇವುಗಳಲ್ಲಿ ಒಂದು ಸಾಲು ಹೊರಬಿದ್ದರೂ ಸಂಬಂಧ ಮುರಿಯುತ್ತದೆ, ಕೆಲಸ ಹೋಗುತ್ತದೆ, ಮಗು ಶಾಲೆಯಲ್ಲಿ ಒಂಟಿಯಾಗುತ್ತದೆ. ಒಮ್ಮೆ ಹೀಗಾದರೆ ಅಂಥದೇ ಕಾಯಿಲೆಯ ಇನ್ನೊಬ್ಬರು ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ ಇಲ್ಲ. ಗುಟ್ಟು ಉಳಿಯದ ಕಡೆ ಚಿಕಿತ್ಸೆಯೂ ಉಳಿಯುವುದಿಲ್ಲ.

ಗುರುತು ಖಚಿತವಾಗುವುದು ಹೇಗೆ

ಗುರುತಿನ ದೃಢೀಕರಣಕ್ಕೆ ಮೂರು ಆಧಾರಗಳಿವೆ. ಮೊದಲನೆಯದು ವ್ಯಕ್ತಿಗೆ ಮಾತ್ರ ಗೊತ್ತಿರುವುದು, ಅಂದರೆ ಪಾಸ್‌ವರ್ಡ್ ಅಥವಾ ಪಿನ್. ಎರಡನೆಯದು ವ್ಯಕ್ತಿಯ ಬಳಿ ಮಾತ್ರ ಇರುವುದು, ಅಂದರೆ ಫೋನ್, ಚಿಪ್ ಇರುವ ಕಾರ್ಡ್ ಅಥವಾ ಡಾಂಗಲ್. ಮೂರನೆಯದು ವ್ಯಕ್ತಿಯ ದೇಹದಲ್ಲಿರುವುದು, ಅಂದರೆ ಬೆರಳಿನ ಗುರುತು, ಕಣ್ಣಿನ ಪಾಪೆ, ಮುಖ. ಇವುಗಳಲ್ಲಿ ಒಂದನ್ನೇ ನಂಬಿದರೆ, ಆ ಒಂದು ಕಳುವಾದಾಗ ಎಲ್ಲವೂ ಕಳುವಾದಂತೆ. ಎರಡನ್ನು ಕೂಡಿಸಿದರೆ ಕಳ್ಳನ ಕೆಲಸ ಕಠಿಣವಾಗುತ್ತದೆ. ಇದನ್ನೇ ಎರಡು ಹಂತದ ದೃಢೀಕರಣವೆನ್ನುತ್ತಾರೆ.

ಎರಡನೇ ಹಂತಕ್ಕೆ ಹೆಚ್ಚು ಬಳಕೆಯಲ್ಲಿರುವುದು ಮೊಬೈಲಿಗೆ ಬರುವ ಒಟಿಪಿ. ಅದಕ್ಕೆ ಎರಡು ಕೊರತೆಗಳಿವೆ. ಸಿಗ್ನಲ್ ಇಲ್ಲದ ಕಡೆ ಅದು ಬರುವುದಿಲ್ಲ. ಮಾತಿನ ಮೋಡಿಯಿಂದ ಅದನ್ನು ಹೇಳಿಸಿಕೊಳ್ಳುವ ವಂಚಕರೂ ಇದ್ದಾರೆ. ಫೋನಿನಲ್ಲಿರುವ ದೃಢೀಕರಣ ಆ್ಯಪ್ ಇದಕ್ಕಿಂತ ಮೇಲು. ಅದು ಸಾಮಾನ್ಯವಾಗಿ ಪ್ರತಿ 30 ಸೆಕೆಂಡಿಗೊಮ್ಮೆ ಹೊಸ ಸಂಖ್ಯೆ ತೋರಿಸುತ್ತದೆ, ಸಂಖ್ಯೆಯನ್ನು ಫೋನಿನೊಳಗೇ ಲೆಕ್ಕಹಾಕುವುದರಿಂದ ಸಿಗ್ನಲ್ ಬೇಕಾಗಿಲ್ಲ. ಡಾಂಗಲ್‌ನಂಥ ಭದ್ರತಾ ಕೀಲಿ ಇನ್ನೂ ಮೇಲು. ನಕಲಿ ಜಾಲತಾಣಕ್ಕೆ ಅದು ಉತ್ತರವನ್ನೇ ಕೊಡದು.

ಬಾಗಿಲಿನಷ್ಟೇ ದಾರಿಯ ಸುರಕ್ಷತೆಯೂ ಮುಖ್ಯ. ವೈದ್ಯರು ಮನೆಯಿಂದ ಅಥವಾ ಶಿಬಿರದಿಂದ ಆಸ್ಪತ್ರೆಯ ದಾಖಲೆ ತೆರೆಯುವಾಗ ಮಾಹಿತಿ ಸಾರ್ವಜನಿಕ ಅಂತರ್ಜಾಲದಲ್ಲಿ ಹಾದುಬರುತ್ತದೆ. ವಿಪಿಎನ್ ಎಂಬ ವ್ಯವಸ್ಥೆ ಆ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸಿ ಕಳುಹಿಸುತ್ತದೆ. ಬಯಲಿನ ಕಾಲುವೆಯ ನೀರನ್ನು ದಾರಿಹೋಕರೆಲ್ಲ ಮುಟ್ಟಬಹುದು. ನೆಲದೊಳಗಿನ ಕೊಳವೆಯ ನೀರನ್ನು ಮುಟ್ಟಲಾಗದು. ಆದರೆ ಕೊಳವೆಯ ಬಾಯಲ್ಲಿ ಕುಳಿತವರು ಯಾರೆಂದು ಕೊಳವೆಗೆ ತಿಳಿಯುವುದಿಲ್ಲ. ಆದ್ದರಿಂದಲೇ ವಿಪಿಎನ್ ಇದ್ದರೂ ಎರಡು ಹಂತದ ದೃಢೀಕರಣ ಬೇಕೇ ಬೇಕು.

ಬಾಗಿಲು ತೆರೆದಿದ್ದ ಕಡೆ ನಡೆದದ್ದು

2024ರ ಫೆಬ್ರವರಿಯಲ್ಲಿ ಅಮೆರಿಕದ ಚೇಂಜ್ ಹೆಲ್ತ್‌ಕೇರ್ ಸಂಸ್ಥೆಗೆ ಸೈಬರ್ ದಾಳಿಯಾಯಿತು. ವೈದ್ಯರು, ಔಷಧ ಅಂಗಡಿಗಳು ಮತ್ತು ವಿಮಾ ಕಂಪನಿಗಳ ನಡುವೆ ಬಿಲ್ಲುಗಳನ್ನು ಸಾಗಿಸುವ ಸಂಸ್ಥೆಯದು. ದಾಳಿಕೋರರು ಕದ್ದ ಲಾಗಿನ್ ಬಳಸಿ, ಸಿಬ್ಬಂದಿ ದೂರದಿಂದ ಒಳಬರುವ ಪೋರ್ಟಲ್ ಮೂಲಕವೇ ನುಗ್ಗಿದರು. ಆ ಪೋರ್ಟಲ್‌ಗೆ ಎರಡನೇ ಹಂತದ ದೃಢೀಕರಣ ಇರಲಿಲ್ಲವೆಂದು ಅದರ ಮಾತೃಸಂಸ್ಥೆಯ ಮುಖ್ಯಸ್ಥರೇ ಅಮೆರಿಕದ ಸಂಸತ್ತಿನ ಮುಂದೆ ಒಪ್ಪಿಕೊಂಡರು. ಸುಮಾರು 19 ಕೋಟಿ ಜನರ ಮಾಹಿತಿಗೆ ಇದರಿಂದ ಧಕ್ಕೆಯಾಯಿತು. ಸಣ್ಣ ಚಿಕಿತ್ಸಾಲಯಗಳು ವಾರಗಟ್ಟಲೆ ಹಣ ಬಾರದೆ ಪರದಾಡಿದವು.

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ದಾಳಿಗೆ ಸಿಕ್ಕಿದವು. ಸುಮಾರು ಎರಡು ವಾರ ನೋಂದಣಿ, ಪ್ರಯೋಗಾಲಯದ ವರದಿ ಎಲ್ಲವೂ ಕೈಬರಹದಲ್ಲಿ ನಡೆದವು. ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ಮಾಹಿತಿಯನ್ನು ದಾಳಿಕೋರರು ಗೂಢಲಿಪಿಗೆ ತಿರುಗಿಸಿದ್ದರೆಂದೂ, ನೆಟ್‌ವರ್ಕ್ ಅನ್ನು ಸರಿಯಾಗಿ ವಿಭಾಗಿಸದೆ ಇದ್ದುದು ಕಾರಣವೆಂದೂ ಸರ್ಕಾರ ಸಂಸತ್ತಿಗೆ ತಿಳಿಸಿತು. ಒಂದು ಮನೆಗೆ ಹಲವು ಕೋಣೆಗಳಿದ್ದು ನಡುವೆ ಬಾಗಿಲುಗಳೇ ಇಲ್ಲದಿದ್ದರೆ, ಹಿತ್ತಿಲಿನಿಂದ ಬಂದ ಕಳ್ಳ ದೇವರ ಕೋಣೆಯವರೆಗೆ ತಡೆಯಿಲ್ಲದೆ ನಡೆಯುತ್ತಾನೆ.

2017ರ ಮೇ 12ರಂದು ವನ್ನಾಕ್ರೈ ಎಂಬ ದಾಳಿಯಿಂದ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಕಂಗಾಲಾಯಿತು. ಅಲ್ಲಿನ 236 ಆಸ್ಪತ್ರೆ ಟ್ರಸ್ಟ್‌ಗಳಲ್ಲಿ ಕನಿಷ್ಠ 80ಕ್ಕೆ ತೊಂದರೆಯಾಯಿತು. ಜೊತೆಗೆ 595 ಕುಟುಂಬ ವೈದ್ಯರ ಚಿಕಿತ್ಸಾಲಯಗಳ ಕಂಪ್ಯೂಟರ್‌ಗಳಿಗೂ ಸೋಂಕು ತಗುಲಿತು. ದೋಷವನ್ನು ಮುಚ್ಚುವ ತಂತ್ರಾಂಶ ಅದೇ ವರ್ಷದ ಮಾರ್ಚ್‌ನಲ್ಲಿಯೇ ಬಿಡುಗಡೆಯಾಗಿತ್ತು. ಅದನ್ನು ಸಕಾಲಕ್ಕೆ ಅಳವಡಿಸಿಕೊಳ್ಳದ ಕಡೆ ಪೆಟ್ಟು ಬಿದ್ದಿತು.

ದೊಡ್ಡ ಸಂಸ್ಥೆಗಳ ಈ ಕಥೆಗಳಿಗೂ ಹಳ್ಳಿಯ ಉಪಕೇಂದ್ರಕ್ಕೂ ಏನು ಸಂಬಂಧವೆಂದು ಕೇಳಬಹುದು. ಉಪಕೇಂದ್ರದ ಕಂಪ್ಯೂಟರ್ ಕೂಡ ದೊಡ್ಡ ಜಾಲದ ಒಂದು ಬಾಗಿಲು. ಕೆರೆಯ ಏರಿ ಒಡೆಯುವುದಕ್ಕೆ ಇಲಿ ಕೊರೆದ ಒಂದು ಬಿಲ ಸಾಕು.

ಪಾಸ್‌ವರ್ಡ್ ಕೈ ಬದಲಾಗುವುದು ಏಕೆ

ಪಾಸ್‌ವರ್ಡ್ ಹಂಚಿಕೊಳ್ಳಬಾರದೆಂಬುದು ಎಲ್ಲರಿಗೂ ತಿಳಿದಿದೆ. ಆದರೂ ಹಂಚಿಕೆಯಾಗುತ್ತದೆ. ಇದನ್ನು ಸಿಬ್ಬಂದಿಯ ಅಶಿಸ್ತು ಎಂದಷ್ಟೇ ತಿಳಿದು ನೋಟಿಸು ಕೊಟ್ಟರೆ ಬೇರು ಹಾಗೆಯೇ ಉಳಿಯುತ್ತದೆ.

ಇಂಗ್ಲೆಂಡಿನ ಕುಟುಂಬ ವೈದ್ಯರಿಗೆ ಚಿಪ್ ಇರುವ ಸ್ಮಾರ್ಟ್‌ಕಾರ್ಡ್ ಕೊಡಲಾಗಿದೆ. ಗುರುತಿನ ಪತ್ರ ಪರಿಶೀಲಿಸಿದ ನಂತರವೇ ಕಾರ್ಡ್ ಸಿಗುತ್ತದೆ. ಕಾರ್ಡ್ ಹಾಕಿ, ಗುಪ್ತ ಸಂಖ್ಯೆ ಒತ್ತಿದ ಮೇಲೆ, ವೈದ್ಯರು, ನರ್ಸ್, ಗುಮಾಸ್ತರು ಅವರವರ ಹುದ್ದೆಗೆ ಸಲ್ಲುವಷ್ಟನ್ನೇ ನೋಡಬಹುದು. ವ್ಯವಸ್ಥೆ ಚೆನ್ನಾಗಿಯೇ ಇತ್ತು. ಆದರೆ 2007ರ ಸುಮಾರಿಗೆ ಅಲ್ಲಿನ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಪ್ರತಿ ಬಾರಿ ಲಾಗಿನ್ ಆಗಲು ಬಹಳ ಹೊತ್ತು ಹಿಡಿಯುತ್ತಿತ್ತು. ರೋಗಿಗಳು ಕಾಯುತ್ತಿದ್ದರು. ಕೊನೆಗೆ ಒಬ್ಬರ ಕಾರ್ಡ್ ಹಾಕಿಟ್ಟು ಎಲ್ಲರೂ ಕೆಲಸ ಮಾಡಲು ಆಡಳಿತವೇ ಒಪ್ಪಿಗೆ ಕೊಟ್ಟಿತು. ಬೀಗ ತೆರೆಯುವುದು ಚಿಕಿತ್ಸೆಗಿಂತ ಕಷ್ಟವಾದಾಗ ಜನ ಬಾಗಿಲನ್ನು ತೆರೆದೇ ಇಡುತ್ತಾರೆ.

ಹಳ್ಳಿಯಲ್ಲಿ ಆಗುವುದೂ ಇದೇ. ಉಪಕೇಂದ್ರದ ಒಳಗೆ ಸಿಗ್ನಲ್ ಇಲ್ಲದಿದ್ದರೆ ಒಟಿಪಿಗಾಗಿ ಸಿಬ್ಬಂದಿ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಲ್ಲಬೇಕು. ಒಳಗೆ ಹೋಗುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಕರೆಂಟ್ ಹೋಗಿ ಬಂದಾಗಲೆಲ್ಲ ಲಾಗಿನ್ ಮೊದಲಿನಿಂದ ಆಗಬೇಕು. ಒಂದೇ ಕಂಪ್ಯೂಟರ್‌ನಲ್ಲಿ ಮೂವರು ಕೆಲಸ ಮಾಡಬೇಕು. ತಿಂಗಳ ಕೊನೆಗೆ ವರದಿಯ ಒತ್ತಡ ಬೇರೆ. ಇಂಥ ಸ್ಥಿತಿಯಲ್ಲಿ ವೈದ್ಯರ ಪಾಸ್‌ವರ್ಡ್ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಲ್ಪಟ್ಟರೆ, ಆ ಬರಹದ ಹಿಂದೆ ಸಿಗ್ನಲ್ಲಿನ, ವಿದ್ಯುತ್ತಿನ, ಸಲಕರಣೆಯ ಕೊರತೆಯಿದೆ. ಈ ಕೊರತೆಗಳನ್ನು ನೀಗಿಸುವುದು ತಂತ್ರಜ್ಞರಿಗಿಂತ ಸ್ಥಳೀಯ ಆಡಳಿತಕ್ಕೆ ಹೆಚ್ಚು ಸಾಧ್ಯ.

ತುರ್ತಿನ ಮಾತನ್ನೂ ಇಲ್ಲಿ ಸ್ಪಷ್ಟಪಡಿಸಬೇಕು. ಹಾವು ಕಚ್ಚಿದವರಿಗೆ, ಹೆರಿಗೆ ನೋವಿನವರಿಗೆ ಚಿಕಿತ್ಸೆ ನೀಡಲು ಲಾಗಿನ್ ಆಗುವವರೆಗೆ ಕಾಯಬೇಕಾಗಿಲ್ಲ. ಮೊದಲು ಚಿಕಿತ್ಸೆ ಮತ್ತು 108 ಆಂಬುಲೆನ್ಸ್, ವಿವರ ಕಾಗದದಲ್ಲಿ, ಆಮೇಲೆ ಅವರವರ ಸ್ವಂತ ಲಾಗಿನ್‌ನಲ್ಲಿ ದಾಖಲೆ. ತುರ್ತನ್ನು ನೆಪ ಮಾಡಿಕೊಂಡು ನಿತ್ಯವೂ ಒಬ್ಬರ ಪಾಸ್‌ವರ್ಡ್‌ನಲ್ಲಿ ಎಲ್ಲರೂ ಕೆಲಸ ಮಾಡುವುದು ಮಾತ್ರ ಸಲ್ಲದು.

ಕಾನೂನು ಹೇಳುವುದು

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66-ಸಿ ಪ್ರಕರಣದಂತೆ ಮತ್ತೊಬ್ಬರ ಪಾಸ್‌ವರ್ಡ್ ಅಥವಾ ಡಿಜಿಟಲ್ ಸಹಿಯನ್ನು ವಂಚನೆಯಿಂದ ಬಳಸಿದರೆ 3 ವರ್ಷಗಳವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ವ್ಯಕ್ತಿಯ ಎಚ್‌ಐವಿ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ನಿಷೇಧಿಸಿದೆ. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಸಾರಿದೆ. ಹಂತ ಹಂತವಾಗಿ ಜಾರಿಗೆ ಬರುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಮಾಹಿತಿಗೆ ಸಮಂಜಸವಾದ ರಕ್ಷಣೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಗಳೊಳಗೆ ರಾಷ್ಟ್ರೀಯ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್‌ನ ನಿರ್ದೇಶನವಿದೆ. ಆದ್ದರಿಂದ ಲಾಗಿನ್ ಕಳುವಾಯಿತೆಂಬ ಅನುಮಾನ ಬಂದ ಸಿಬ್ಬಂದಿ ಹೆದರಿ ಮುಚ್ಚಿಡದೆ ಕೂಡಲೇ ವೈದ್ಯಾಧಿಕಾರಿಗಳಿಗೆ ಹೇಳುವಂಥ ವಾತಾವರಣವಿರಬೇಕು.

ಗ್ರಾಮ ಪಂಚಾಯಿತಿ ಮಾಡಬಹುದಾದದ್ದು

1. ಸಂಪರ್ಕ: ಭಾರತ್‌ನೆಟ್ ಯೋಜನೆಯ ಫೈಬರ್ ಪಂಚಾಯಿತಿ ಕಚೇರಿಗೆ ಬಂದಿದ್ದರೆ, ಅಲ್ಲಿಂದ ಆರೋಗ್ಯ ಕೇಂದ್ರಕ್ಕೂ ಉಪಕೇಂದ್ರಕ್ಕೂ ಸಂಪರ್ಕ ಮುಂದುವರಿದಿದೆಯೇ, ಅದು ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ಪರಿಶೀಲಿಸಬೇಕು. ಕೇಂದ್ರದ ಯಾವ ಕೋಣೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತದೆ ಎಂಬುದನ್ನು ಸಿಬ್ಬಂದಿಯಿಂದಲೇ ಕೇಳಿ ತಿಳಿಯಬೇಕು. ಸಿಗ್ನಲ್ ಇಲ್ಲದ ಕಡೆ ಆ್ಯಪ್ ಅಥವಾ ಕೀಲಿಯ ದೃಢೀಕರಣ ಒದಗಿಸುವಂತೆ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಠರಾವಿನ ಮೂಲಕ ಬರೆಯಬೇಕು.

2. ವಿದ್ಯುತ್: ಕಂಪ್ಯೂಟರ್‌ಗೂ ಇಂಟರ್‌ನೆಟ್ ಪೆಟ್ಟಿಗೆಗೂ ಯುಪಿಎಸ್ ಇದೆಯೇ, ಅದರ ಬ್ಯಾಟರಿ ಸತ್ತಿದೆಯೇ ಎಂದು ವರ್ಷಕ್ಕೆ ಎರಡು ಬಾರಿಯಾದರೂ ನೋಡಬೇಕು.

3. ಕೋಣೆ: ದೂರ ಸಮಾಲೋಚನೆ ನಡೆಯುವ ಜಾಗಕ್ಕೆ ಬಾಗಿಲು ಮತ್ತು ಪರದೆ ಇರಬೇಕು. ಸರದಿಯಲ್ಲಿ ಕುಳಿತವರಿಗೆ ವೈದ್ಯರ ಮಾತು ಕೇಳಿಸುವಂತಿದ್ದರೆ ಎಷ್ಟು ಗಟ್ಟಿಯಾದ ಪಾಸ್‌ವರ್ಡ್ ಇದ್ದರೂ ಗುಟ್ಟು ಉಳಿಯದು. ಕಂಪ್ಯೂಟರ್ ಪರದೆ ಕಿಟಕಿಯ ಕಡೆಗೆ ತಿರುಗಿರಬಾರದು.

4. ಸಲಕರಣೆ: ಆರೋಗ್ಯ ಕೇಂದ್ರದ ಕಂಪ್ಯೂಟರ್‌ನಲ್ಲಿ ಬೇರೆ ಇಲಾಖೆಯ ಅರ್ಜಿ ತುಂಬುವುದು, ಸಿನಿಮಾ ನೋಡುವುದು, ಹೊರಗಿನವರ ಪೆನ್‌ಡ್ರೈವ್ ಹಾಕುವುದು ನಿಲ್ಲಬೇಕು. ರಿಪೇರಿಗೆ ಕೊಡುವಾಗ ಇಲಾಖೆ ಒಪ್ಪಿದವರಿಗೇ ಕೊಡಬೇಕು.

5. ವರ್ಗಾವಣೆ: ವೈದ್ಯರೋ ಗುತ್ತಿಗೆ ಸಿಬ್ಬಂದಿಯೋ ಕೆಲಸ ಬಿಟ್ಟು ಹೋದ ದಿನವೇ ಅವರ ಲಾಗಿನ್ ಮುಚ್ಚಬೇಕು, ಹೊಸಬರಿಗೆ ಹೊಸ ಲಾಗಿನ್ ಸಿಗಬೇಕು. ಹೊಸ ಲಾಗಿನ್ ತಡವಾದಷ್ಟೂ ಹಳೆಯದೇ ಓಡುತ್ತಿರುತ್ತದೆ. ಆರೋಗ್ಯ ರಕ್ಷಾ ಸಮಿತಿಯಲ್ಲಿರುವ ಪ್ರತಿನಿಧಿಗಳು ಪ್ರತಿ ಸಭೆಯಲ್ಲಿ ಈ ಒಂದು ಪ್ರಶ್ನೆ ಕೇಳಿದರೂ ಬಹಳಷ್ಟು ಕೆಲಸವಾಗುತ್ತದೆ.

6. ಜನಜಾಗೃತಿ: ಆಭಾ ಸಂಖ್ಯೆ, ಆಯುಷ್ಮಾನ್ ಕಾರ್ಡ್, ಲಸಿಕೆಯ ಹೆಸರು ಹೇಳಿ ಫೋನ್ ಮಾಡುವ ಅಪರಿಚಿತರಿಗೆ ಒಟಿಪಿ ಹೇಳಬಾರದು, ಅವರು ಹೇಳಿದ ಆ್ಯಪ್ ಹಾಕಿಕೊಳ್ಳಬಾರದು ಎಂಬುದನ್ನು ಗ್ರಾಮಸಭೆಯಲ್ಲಿ, ಸ್ವಸಹಾಯ ಸಂಘಗಳಲ್ಲಿ, ಆಶಾ ಕಾರ್ಯಕರ್ತೆಯರ ಮೂಲಕ ತಿಳಿಸಬೇಕು. ತಾನು ಎದುರಿಗೇ ಕುಳಿತು ನೋಂದಣಿ ಮಾಡಿಸುವಾಗ ಬರುವ ಒಟಿಪಿ ಬೇರೆ, ಫೋನಿನಲ್ಲಿ ಕೇಳುವ ಒಟಿಪಿ ಬೇರೆ ಎಂಬ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಮಾಡಬಾರದ ಒಂದು ಕೆಲಸವೂ ಇದೆ. ಊರಿನಲ್ಲಿ ಯಾರಿಗೆ ಯಾವ ಕಾಯಿಲೆ ಎಂಬ ಪಟ್ಟಿಯನ್ನು ಸದಸ್ಯರು ಕೇಳಬಾರದು; ತಮ್ಮ ವಾರ್ಡಿನವರ ದಾಖಲೆಯನ್ನು ಪರದೆಯಲ್ಲಿ ತೋರಿಸುವಂತೆ ಸಿಬ್ಬಂದಿಯನ್ನು ಒತ್ತಾಯಿಸಬಾರದು. ಒಳ್ಳೆಯ ಉದ್ದೇಶದಿಂದ ಕೇಳಿದರೂ ಕೇಳುವ ಹಕ್ಕು ಹುದ್ದೆಯಿಂದ ಬರುವುದಿಲ್ಲ. ಎಷ್ಟು ಜನರಿಗೆ ಚಿಕಿತ್ಸೆಯಾಯಿತು, ಎಷ್ಟು ದಿನ ಸಂಪರ್ಕ ಕೆಟ್ಟಿತ್ತು, ಔಷಧ ದಾಸ್ತಾನು ಎಷ್ಟಿದೆ ಎಂಬ ಅಂಕಿಗಳಷ್ಟೇ ಪಂಚಾಯಿತಿಯ ಮೇಲ್ವಿಚಾರಣೆಗೆ ಸಾಕು. ಸದಸ್ಯರೇ ಈ ಗೆರೆಯನ್ನು ಕಾಪಾಡಿದರೆ ಉಳಿದವರಿಗೆ ‘ಇಲ್ಲ’ ಎನ್ನುವ ಧೈರ್ಯ ಸಿಬ್ಬಂದಿಗೆ ಬರುತ್ತದೆ.

ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ಆರು ಅಂಶಗಳನ್ನು ಸೇರಿಸಿ, ಅದಕ್ಕೆ ಮೊದಲು ಇಬ್ಬರು ಸದಸ್ಯರು, ಸಾಧ್ಯವಾದರೆ ಅವರಲ್ಲಿ ಒಬ್ಬರು ಮಹಿಳೆ, ವೈದ್ಯಾಧಿಕಾರಿಗಳಿಗೆ ತಿಳಿಸಿ ಉಪಕೇಂದ್ರಕ್ಕೆ ಭೇಟಿ ಕೊಡುವುದು ಉಚಿತ. ಅಲ್ಲಿನ ಸಿಬ್ಬಂದಿಯನ್ನು ತಪ್ಪಿತಸ್ಥರಂತೆ ವಿಚಾರಿಸದೆ, ಸ್ವಂತ ಲಾಗಿನ್‌ನಲ್ಲಿ ಕೆಲಸ ಮಾಡಲು ಏನು ಅಡ್ಡಿಯಾಗುತ್ತಿದೆ ಎಂದು ಕೇಳಿದರೆ ಸಾಕು. ಸಿಗುವ ಉತ್ತರ ಬಹುಶಃ ಒಂದು ಬ್ಯಾಟರಿ, ಒಂದು ಬಾಗಿಲು, ನೂರು ಮೀಟರ್ ಕೇಬಲ್ ಆಗಿರಬಹುದು. ಅವನ್ನು ಒದಗಿಸುವ ಪಂಚಾಯಿತಿ ತನ್ನ ಊರಿನ ವೈದ್ಯರ ಸಹಿಯನ್ನೂ ರೋಗಿಯ ಗುಟ್ಟನ್ನೂ ಕಾದಂತೆ.